ರೈಲಲ್ಲಿ ಹೋಗಿ, ಮನೆ ಕಡೆಗೆ ತುಳಿಯಿರಿ

ಪ್ರಶ್ನೆ: ನಾನು ಬದಿಯಡ್ಕದವನು, ವಯಸ್ಸು 46. ಮಗಳಿಗೆ 19. ಇಬ್ಬರಲ್ಲೂ ಗೇರ್ ಸೈಕಲ್ ಇದೆ, ಭಾನುವಾರ 30–40 ಕಿ.ಮೀ. ಓಡಿಸುತ್ತೇವೆ. ಜನವರಿ ಕೊನೆಗೆ ಒಂಬತ್ತು ದಿನ ರಜೆ ಸಿಗುತ್ತದೆ. ಮನೆಯಿಂದ ಗೋವಾದವರೆಗೆ ಸೈಕಲ್‌ನಲ್ಲಿ ಹೋಗಿ, ವಾಪಸ್ ಬರುವಾಗ ಸೈಕಲ್ ರೈಲಿಗೆ ಹಾಕಿ ಕಾಸರಗೋಡಿನಲ್ಲಿ ಇಳಿಯೋಣ ಅಂತ ಯೋಚನೆ. ರೈಲಿನಲ್ಲಿ ಸೈಕಲ್ ತರುವುದು ಹೇಗೆ? ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬೇಕು? ಏನೇನು ಕಟ್ಟಿಕೊಳ್ಳಬೇಕು?

ಉತ್ತರ: ಅಪ್ಪ ಮಗಳು ಇಬ್ಬರೇ ಹೊರಟಿದ್ದೀರಿ ಅಂತ ಓದಿ ತುಂಬಾ ಖುಷಿಯಾಯಿತು. ದೂರ, ದಿನ, ತಿಂಗಳು ಎಲ್ಲ ಸರಿಯಾಗಿಯೇ ಆರಿಸಿದ್ದೀರಿ. ಒಂದೇ ಒಂದು ಬದಲಾವಣೆ ಮಾಡಿ. ಹೋಗುವಾಗ ರೈಲು, ಬರುವಾಗ ಸೈಕಲ್. ಮಂಗಳೂರಿನಿಂದ ಸೈಕಲ್ ಸಮೇತ ಗೋವಾದ ಮಡಗಾಂವ್‌ಗೆ ಹೋಗಿ, ಅಲ್ಲಿಂದ ತುಳಿದುಕೊಂಡು ಊರಿಗೆ ಬನ್ನಿ.

ಯಾಕೆ ಅಂತ ಹೇಳುತ್ತೇನೆ. ಇಂಥ ಪ್ರವಾಸದಲ್ಲಿ ನಮ್ಮ ಕೈಯಲ್ಲಿ ಇಲ್ಲದ ಭಾಗ ಅಂದರೆ ರೈಲು ಮಾತ್ರ. ರಸ್ತೆಯಲ್ಲಿ ಪಂಕ್ಚರ್ ಆದರೆ ತೇಪೆ ಹಾಕಬಹುದು. ಸುಸ್ತಾದರೆ ಸಿಕ್ಕಿದ ಕಡೆ ರೂಮು ಹಿಡಿಯಬಹುದು. ಆದರೆ ಸಾಮಾನು ಹಾಕುವ ಬೋಗಿ, ಅಂದರೆ ಬ್ರೇಕ್ ವ್ಯಾನ್‌ನಲ್ಲಿ ಜಾಗ ಇಲ್ಲ ಅಂದರೆ ಇಲ್ಲ, ನಾಳೆ ಬನ್ನಿ ಅನ್ನುತ್ತಾರೆ. ಈ ಮಾತು ಮೊದಲ ದಿನ ಮಂಗಳೂರಿನಲ್ಲಿ ಕೇಳಿಬಂದರೆ ಒಂದು ದಿನ ಹೋಯಿತು ಅಷ್ಟೆ, ಮನೆ ಹತ್ತಿರವೇ ಇದೆ. ಅದೇ ಮಾತು ಒಂಬತ್ತನೇ ದಿನ ಸಂಜೆ ಮಡಗಾಂವ್‌ನಲ್ಲಿ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು ಅನ್ನುವಾಗ ಕೇಳಿಬಂದರೆ ಏನು ಮಾಡುತ್ತೀರಿ? ಸೈಕಲ್ ಬಿಟ್ಟು ಬರುವುದಕ್ಕೂ ಮನಸ್ಸಾಗುವುದಿಲ್ಲ, ಕೂತುಕೊಳ್ಳುವುದಕ್ಕೂ ಆಗುವುದಿಲ್ಲ.

ಎರಡನೆಯದು, ಕಾಸರಗೋಡಿನಲ್ಲಿ ಇಳಿಸುವ ವಿಷಯ. ಅಲ್ಲಿ ದೂರದ ಗಾಡಿಗಳು ನಿಲ್ಲುವುದು ಒಂದೆರಡು ನಿಮಿಷ. ನೀವು ಇರುವುದು ನಡುವಿನ ಬೋಗಿಯಲ್ಲಿ, ಸೈಕಲ್ ಇರುವುದು ತುದಿಯ ಬ್ರೇಕ್ ವ್ಯಾನ್‌ನಲ್ಲಿ. ಇಳಿದು, ಜನರ ನಡುವೆ ಓಡಿ, ಬಾಗಿಲು ತೆಗೆಸಿ, ಮೇಲೆ ಬಿದ್ದ ಮೂಟೆ ಸರಿಸಿ ಎರಡು ಸೈಕಲ್ ಇಳಿಸಬೇಕು. ನನಗೆ ಒಮ್ಮೆ ಹೀಗೇ ಆಗಿದೆ. ಒಂದು ಸಣ್ಣ ಸ್ಟೇಷನ್‌ನಲ್ಲಿ ನಾನು ಬ್ರೇಕ್ ವ್ಯಾನ್ ಹತ್ತಿರ ತಲುಪುವಾಗಲೇ ಗಾಡಿ ಹೊರಟಿತು. ಕೈಯಲ್ಲಿ ಲಗೇಜ್ ಟಿಕೆಟ್ ಇತ್ತು, ಸೈಕಲ್ ಮಾತ್ರ ಕಣ್ಣೆದುರೇ ಮುಂದಕ್ಕೆ ಹೋಯಿತು. ಅದು ವಾಪಸ್ ಸಿಕ್ಕಿದ್ದು ನಾಲ್ಕನೇ ದಿನ, ಹಿಂದಿನ ಮಡ್‌ಗಾರ್ಡ್ ಮುರಿದಿತ್ತು. ಅಂದಿನಿಂದ ನಾನು ಪಾಲಿಸುವ ನಿಯಮ ಒಂದೇ. ಗಾಡಿ ಎಲ್ಲಿ ಹುಟ್ಟುತ್ತದೋ ಅಲ್ಲಿ ಸೈಕಲ್ ಹತ್ತಿಸಬೇಕು, ಎಲ್ಲಿ ಮುಗಿಯುತ್ತದೋ ಅಲ್ಲಿ ಇಳಿಸಬೇಕು. ಎರಡೂ ಸಿಗದಿದ್ದರೆ ಒಂದಾದರೂ ಹಾಗಿರಬೇಕು, ಇನ್ನೊಂದು ಕಡೆ ಗಾಡಿ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕು.

ಈ ಲೆಕ್ಕಕ್ಕೆ ನಮ್ಮ ಕಡೆಯವರಿಗೆ ಮಂಗಳೂರು ಸೆಂಟ್ರಲ್ ಹೇಳಿ ಮಾಡಿಸಿದ ಹಾಗಿದೆ. ಮುಂಬೈಗೆ ಹೋಗುವ ಮತ್ಸ್ಯಗಂಧ ಅಲ್ಲಿಂದಲೇ ಹೊರಡುತ್ತದೆ. ಗಾಡಿ ಮೊದಲೇ ಬಂದು ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿರುತ್ತದೆ, ಬ್ರೇಕ್ ವ್ಯಾನ್ ಖಾಲಿ ಇರುತ್ತದೆ, ಆರಾಮಾಗಿ ಹತ್ತಿಸಬಹುದು. ಮಡಗಾಂವ್ ದೊಡ್ಡ ಸ್ಟೇಷನ್, ಇಳಿಸಲು ಸಮಯ ಸಿಗುತ್ತದೆ. ಮಧ್ಯಾಹ್ನ ಹೊರಟರೆ ರಾತ್ರಿ ಊಟದ ಹೊತ್ತಿಗೆ ಅಲ್ಲಿರುತ್ತೀರಿ. ತಿರುವನಂತಪುರದಿಂದ ಬರುವ ನೇತ್ರಾವತಿ ಕಾಸರಗೋಡಿನಲ್ಲೇ ಸಿಗುತ್ತದಲ್ವಾ ಅಂತ ನೀವು ಕೇಳಬಹುದು. ಸಿಗುತ್ತದೆ, ನಿಮಗೆ ಸೀಟೂ ಸಿಗುತ್ತದೆ. ಆದರೆ ಅಷ್ಟು ಹೊತ್ತಿಗೆ ಅದರ ಬ್ರೇಕ್ ವ್ಯಾನ್ ಕೇರಳದ ಪಾರ್ಸೆಲ್‌ನಿಂದ ತುಂಬಿರುತ್ತದೆ, ಹತ್ತಿಸಲು ಸಮಯವೂ ಇಲ್ಲ. ಇನ್ನು ವಂದೇ ಭಾರತ್. ಮಂಗಳೂರು–ಮಡಗಾಂವ್ ನಡುವೆ 2023ರ ಡಿಸೆಂಬರ್ 30ಕ್ಕೆ ಅದು ಶುರುವಾದಾಗ ನನಗೂ ಆಸೆಯಾಗಿತ್ತು. ಆದರೆ ಆ ಗಾಡಿಗೆ ಲಗೇಜ್ ವ್ಯಾನೇ ಇಲ್ಲ. ಸೈಕಲ್‌ನವರು ಅದನ್ನು ಮರೆತುಬಿಡಬೇಕು.

ಮೂರನೆಯದು ಗಾಳಿ. ನಮ್ಮ ಕರಾವಳಿಯಲ್ಲಿ ಚಳಿಗಾಲದ ಬೆಳಗ್ಗೆ ಭೂಮಿ ಕಡೆಯಿಂದ ಮೆಲ್ಲಗೆ ಗಾಳಿ ಬರುತ್ತದೆ. ಹನ್ನೊಂದು ಗಂಟೆ ಕಳೆದ ಮೇಲೆ ಕಡಲ ಗಾಳಿ ಏಳುತ್ತದೆ, ಅದು ಹೆಚ್ಚಾಗಿ ವಾಯವ್ಯದಿಂದ. ಉತ್ತರಕ್ಕೆ ಹೋಗುವವನಿಗೆ ಅದು ಎದೆಗೆ ಬಡಿಯುತ್ತದೆ, ದಕ್ಷಿಣಕ್ಕೆ ಬರುವವನನ್ನು ಹಿಂದಿನಿಂದ ತಳ್ಳುತ್ತದೆ. ಹಿಂದೆ ಎರಡು ದೊಡ್ಡ ಬ್ಯಾಗ್ ಕಟ್ಟಿದ ಸೈಕಲ್‌ಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಎದುರು ಗಾಳಿಯಲ್ಲಿ ಗಂಟೆಗೆ 12 ಕಿ.ಮೀ. ಹೋಗಲು ಒದ್ದಾಡಿದ ಅದೇ ರಸ್ತೆಯಲ್ಲಿ, ಗಾಳಿ ಹಿಂದಿದ್ದಾಗ 18ರಲ್ಲಿ ಮಾತಾಡಿಕೊಂಡು ಬಂದಿದ್ದೇನೆ. ದಕ್ಷಿಣಕ್ಕೆ ಬರುವುದರಲ್ಲಿ ತೊಂದರೆಯೂ ಇದೆ, ಅದನ್ನೂ ಹೇಳಬೇಕು. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಸಮುದ್ರವೂ ಬಲಬದಿಗೆ, ಅಂದರೆ ರಸ್ತೆಯ ಆಚೆ ಬರುತ್ತದೆ. ಬಿಸಿಲಿಗೆ ಹೆಲ್ಮೆಟ್ ಒಳಗೆ ಅಂಚಿರುವ ಟೊಪ್ಪಿ ಹಾಕಿ. ಸಮುದ್ರ ನೋಡಲು ರಸ್ತೆ ದಾಟಿ ಹೋಗಿ ಕುಳಿತುಕೊಳ್ಳಿ.

ನಾಲ್ಕನೆಯದನ್ನು ಅಪ್ಪನಾಗಿ ನೀವು ಯೋಚಿಸಬೇಕು. ನಡುವೆ ಯಾರಿಗಾದರೂ ಹುಷಾರು ತಪ್ಪಿದರೆ, ಮನೆಯಿಂದ ದೂರ ಹೋಗುತ್ತಾ ಇರುವುದಕ್ಕಿಂತ ಮನೆಗೆ ಹತ್ತಿರ ಆಗುತ್ತಾ ಇರುವುದು ಒಳ್ಳೆಯದು. ಈ ದಾರಿಯ ಉದ್ದಕ್ಕೂ ಕೊಂಕಣ ರೈಲ್ವೆ ಜೊತೆಗೇ ಬರುತ್ತದೆ. ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ ಹೀಗೆ. ತೀರಾ ಆಗದಿದ್ದರೆ ಸೈಕಲ್‌ಗಳನ್ನು ಉಳಿದ ಲಾಡ್ಜ್‌ನಲ್ಲಿ ಬಿಟ್ಟು ಇಬ್ಬರೂ ರೈಲು ಹತ್ತಿ ಮನೆಗೆ ಬರಬಹುದು, ಆಮೇಲೆ ಪಿಕಪ್ ಕಳಿಸಿ ತರಿಸಬಹುದು. ಹಾಗೆ ಮಾಡಿದವರು ಇದ್ದಾರೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈಗ ರೈಲಿಗೆ ಹಾಕುವ ಕೆಲಸ. ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುವ ಎರಡು ಪದ ಇವೆ, ಲಗೇಜ್ ಮತ್ತು ಪಾರ್ಸೆಲ್. ಎರಡನ್ನೂ ಒಂದೇ ಕೌಂಟರಿನಲ್ಲಿ ಬುಕ್ ಮಾಡುತ್ತಾರೆ, ಎರಡೂ ಬ್ರೇಕ್ ವ್ಯಾನ್‌ನಲ್ಲೇ ಹೋಗುತ್ತವೆ. ಆದರೆ ಲಗೇಜ್ ಅಂದರೆ ನಿಮ್ಮ ಪ್ರಯಾಣದ ಟಿಕೆಟ್ ತೋರಿಸಿ, ನೀವು ಹೋಗುವ ಅದೇ ಗಾಡಿಗೆ ಹಾಕುವುದು. ಪಾರ್ಸೆಲ್‌ಗೆ ಟಿಕೆಟ್ ಬೇಡ, ಆದರೆ ಅದು ಯಾವ ಗಾಡಿಯಲ್ಲಿ ಜಾಗ ಸಿಗುತ್ತದೋ ಆ ಗಾಡಿಯಲ್ಲಿ ಹೋಗುತ್ತದೆ. ಇವತ್ತೇ ಹೋಗಬಹುದು, ಎರಡು ದಿನ ಗೋಡೌನ್‌ನಲ್ಲಿ ಬಿದ್ದಿರಲೂಬಹುದು. ಪಾರ್ಸೆಲ್ ದರ ಕಡಿಮೆ, ಲಗೇಜ್ ದರ ಜಾಸ್ತಿ. ಆ ವ್ಯತ್ಯಾಸಕ್ಕೆ ಆಸೆ ಪಡಬೇಡಿ. ಕೌಂಟರಿನಲ್ಲಿ ನಿಂತಾಗ ಮೊದಲ ಮಾತೇ ಇದಾಗಿರಲಿ, ‘ಟಿಕೆಟ್ ಇದೆ, ಇದೇ ಗಾಡಿಗೆ, ಲಗೇಜ್ ಅಂತ ಬುಕ್ ಮಾಡಿ.’ ಸುಮ್ನೆ ಸೈಕಲ್ ಕಳಿಸಬೇಕು ಅಂದರೆ ಪಾರ್ಸೆಲ್ ಫಾರ್ಮ್ ಕೈಗೆ ಬರುತ್ತದೆ. ಮಂಗಳೂರು ಸೆಂಟ್ರಲ್ ಇರುವುದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ, ನಮ್ಮ ಕಾಸರಗೋಡು ಇರುವ ವಿಭಾಗವೇ ಅದು. ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಮಾತಾಡಬಲ್ಲ ನಿಮ್ಮಂಥವರಿಗೆ ಅಲ್ಲಿ ಕೆಲಸ ಮಾಡಿಸಿಕೊಳ್ಳುವುದು ಸುಲಭ.

ಸ್ಲೀಪರ್ ಟಿಕೆಟಿಗೆ 40 ಕಿಲೋ ಸಾಮಾನು ಉಚಿತ ಅಂತ ಇದೆಯಲ್ಲ, ಅದರಲ್ಲಿ ಸೈಕಲ್ ಸೇರುವುದಿಲ್ಲ. ಸೈಕಲ್‌ಗೆ ಪೂರ್ತಿ ಹಣ ಕೊಡಬೇಕು. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ ಇರುವ ಅಳತೆ 100 ಸೆಂ.ಮೀ. ಉದ್ದ, 60 ಅಗಲ, 25 ದಪ್ಪ. ನಿಮ್ಮ ಸೈಕಲ್‌ನ ಗಾಲಿ ಒಂದೇ ಟೈರ್ ಸೇರಿ 65 ಸೆಂ.ಮೀ. ಮೀರುತ್ತದೆ. ಹಾಗಾಗಿ ಬಿಚ್ಚಿ ಚೀಲಕ್ಕೆ ತುಂಬಿ ಸೀಟಿನ ಕೆಳಗೆ ತಳ್ಳುವ ಉಪಾಯ ನಿಯಮಕ್ಕೆ ಕೂರುವುದಿಲ್ಲ. ಕೆಲವರು ಮಾಡುತ್ತಾರೆ, ನಡೆಯುತ್ತದೆ ಕೂಡ. ಆದರೆ ತುಂಬಿದ ಬೋಗಿಯಲ್ಲಿ ಎರಡೆರಡು ಸೈಕಲ್ ಇಟ್ಟು ಬೇರೆಯವರ ಕಾಲಿಗೆ ಅಡ್ಡ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಟಿಕೆಟ್ ಬೇಗ ಮಾಡಿ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಜನವರಿ ಕೊನೆಗೆ ಹೊರಡುವವರು ನವೆಂಬರ್ ಕೊನೆಗೆ ತಯಾರಿರಬೇಕು. ವೇಟಿಂಗ್ ಲಿಸ್ಟಿನ ಇ–ಟಿಕೆಟ್ ನಂಬಬೇಡಿ. ಚಾರ್ಟ್ ಆದಾಗ ಅದು ತಾನಾಗಿ ರದ್ದಾದರೆ ನಿಮ್ಮ ಸೈಕಲ್‌ಗೂ ಲಗೇಜ್ ಬುಕಿಂಗ್ ಇಲ್ಲ.

ಗಾಡಿ ಹೊರಡುವ ಅರ್ಧ ಗಂಟೆ ಮೊದಲು ಲಗೇಜ್ ಒಪ್ಪಿಸಬೇಕು ಅನ್ನುವುದು ನಿಯಮ. ನೀವು ಎರಡು ಗಂಟೆ ಮೊದಲೇ ಪಾರ್ಸೆಲ್ ಆಫೀಸಿನ ಮುಂದಿರಿ. ಟಿಕೆಟಿನ ಜೆರಾಕ್ಸ್, ಆಧಾರ್ ಜೆರಾಕ್ಸ್ ಎರಡೆರಡು ಪ್ರತಿ ಇಟ್ಟುಕೊಳ್ಳಿ. ಬೈಕಿಗೆ ಕೇಳುವ ಆರ್‌ಸಿ, ಪೆಟ್ರೋಲ್ ಖಾಲಿ ಮಾಡುವ ರಗಳೆ ಸೈಕಲ್‌ಗೆ ಇಲ್ಲ. ದಪ್ಪ ರಟ್ಟಿನಲ್ಲಿ ಚೀಟಿ ಬರೆದು ಪ್ರತಿ ಸೈಕಲ್‌ಗೆ ಎರಡು ಕಡೆ ಕಟ್ಟಿ. ಹೆಸರು, ಮೊಬೈಲ್ ನಂಬರ್, ಪಿಎನ್‌ಆರ್, ಹೊರಡುವ ಮತ್ತು ತಲುಪುವ ಸ್ಟೇಷನ್. ಸ್ಟೇಷನ್ ಹೆಸರಿನ ಜೊತೆ ಕೋಡ್ ದೊಡ್ಡದಾಗಿ ಬರೆಯಿರಿ. ಮಂಗಳೂರು ಸೆಂಟ್ರಲ್‌ಗೆ ಎಂಎಕ್ಯೂ (MAQ), ಮಡಗಾಂವ್‌ಗೆ ಎಂಎಒ (MAO). ಹಮಾಲರು ಕತ್ತಲೆ ವ್ಯಾನ್‌ನಲ್ಲಿ ನೋಡುವುದು ಈ ಮೂರು ಅಕ್ಷರವನ್ನೇ.

ಮೌಲ್ಯದ ವಿಷಯ ಒಂದು. ನೀವು ಬೆಲೆ ಘೋಷಿಸದೆ ಬುಕ್ ಮಾಡಿದರೆ, ಕಳೆದುಹೋದಾಗ ರೈಲ್ವೆಯ ಹೊಣೆ ಕಿಲೋಗೆ 100 ರೂಪಾಯಿಗೆ ಸೀಮಿತ. 15 ಕಿಲೋ ಸೈಕಲ್‌ಗೆ 1,500 ರೂಪಾಯಿ. ನಿಮ್ಮ ಸೈಕಲ್ ಬೆಲೆ ಜಾಸ್ತಿ ಇದ್ದರೆ ಫಾರ್ಮ್‌ನಲ್ಲಿ ಮೌಲ್ಯ ಬರೆದು, ಅದಕ್ಕೆ ಶೇಕಡಾವಾರು ಶುಲ್ಕ ಕಟ್ಟಿ. ಖರೀದಿ ಬಿಲ್ ಜೊತೆಗಿರಲಿ. ಫ್ರೇಮಿನ ಅಡಿ ಕೊರೆದಿರುವ ನಂಬರಿನ ಫೋಟೋ, ಕಟ್ಟಿದ ಮೇಲೆ ಸೈಕಲ್‌ನ ಎರಡೂ ಬದಿಯ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಕಟ್ಟುವ ಕ್ರಮದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಒಪ್ಪಿಗೆಯಾಗುವುದಿಲ್ಲ. ಗಾಲಿ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ಹಾಕಿ ಅನ್ನುತ್ತಾರೆ. ವಿಮಾನಕ್ಕೆ ಅದು ಸರಿ. ರೈಲಿಗೆ ಗಾಲಿ ಬಿಚ್ಚಬೇಡಿ. ಗಾಲಿ ಇದ್ದರೆ ಹಮಾಲರು ಉರುಳಿಸಿಕೊಂಡು ಹೋಗುತ್ತಾರೆ, ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ಪೆಟ್ಟಿಗೆ ಆದರೆ ಅದು ಅವರಿಗೆ ಇನ್ನೊಂದು ಮೂಟೆ. ಮೇಲಿಂದ ಎಸೆಯುತ್ತಾರೆ, ಅದರ ಮೇಲೆ ಮೀನಿನ ಬಾಕ್ಸ್ ಪೇರಿಸುತ್ತಾರೆ. ಅವರ ತಪ್ಪಲ್ಲ, ಒಳಗೆ ಏನಿದೆ ಅಂತ ಅವರಿಗೆ ಕಾಣುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ಸೀಟು ಪೂರ್ತಿ ಇಳಿಸಿ. ಹ್ಯಾಂಡಲ್ ಸಡಿಲಿಸಿ ಫ್ರೇಮಿಗೆ ಸಮವಾಗಿ ತಿರುಗಿಸಿ ಬಿಗಿ ಮಾಡಿ, ಆಗ ಅಗಲ ಅರ್ಧ ಆಗುತ್ತದೆ. ಪೆಡಲ್ ಎರಡೂ ಬಿಚ್ಚಿ, ಪಕ್ಕದ ಸೈಕಲ್‌ನ ಕಡ್ಡಿಗಳನ್ನು ಮುರಿಯುವುದು ಅವೇ. ಇದಕ್ಕೆ 15ರ ಸ್ಪ್ಯಾನರ್ ಬೇಕು. ಎಡ ಪೆಡಲ್‌ನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ಮನೆಯಲ್ಲೇ ಒಮ್ಮೆ ಬಿಚ್ಚಿ, ಮರೆಗೆ ಗ್ರೀಸ್ ಹಚ್ಚಿ ಹಾಕಿಡಿ.

ಹಿಂದಿನ ಗೇರ್ ಇಡೀ ಸೈಕಲ್‌ನಲ್ಲಿ ಮೆತ್ತಗಿನ ಜಾಗ. ಚೈನನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ತಂದಿಡಿ. ಆಗ ಡಿರೇಲರ್, ಅಂದರೆ ಗೇರ್ ಬದಲಿಸುವಾಗ ಚೈನನ್ನು ಸರಿಸುವ ಭಾಗ, ಒಳಗೆ, ಗಾಲಿ ಹತ್ತಿರ ಸರಿಯುತ್ತದೆ, ಹೊರಗೆ ಚಾಚಿಕೊಂಡಿರುವುದಿಲ್ಲ. ಅದರ ಸುತ್ತ ಹಳೆ ಬೈರಾಸು ಸುತ್ತಿ ಮೇಲೆ ರಟ್ಟು ಕಟ್ಟಿ. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಅಲ್ಯೂಮಿನಿಯಂ ತುಂಡು, ಅದನ್ನು ಹ್ಯಾಂಗರ್ ಅನ್ನುತ್ತಾರೆ, ಪೆಟ್ಟು ಬಿದ್ದರೆ ಬಗ್ಗುವುದು ಅದೇ. ಫ್ರೇಮಿಂದ ಫ್ರೇಮಿಗೆ ಅದರ ಆಕಾರ ಬೇರೆ, ಅಂಕೋಲಾದಲ್ಲೋ ಭಟ್ಕಳದಲ್ಲೋ ಹುಡುಕಿದರೆ ಸಿಗುವುದಿಲ್ಲ. ಎರಡೂ ಸೈಕಲ್‌ನದ್ದು ಒಂದೊಂದು ಈಗಲೇ ತರಿಸಿಟ್ಟುಕೊಳ್ಳಿ. ಇಡೀ ಪ್ರವಾಸದಲ್ಲಿ ನಾನು ಕಡ್ಡಾಯ ಅನ್ನುವ ಬಿಡಿಭಾಗ ಇದು. ಫ್ರೇಮಿನ ಕೊಳವೆಗಳಿಗೆ ಎಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಸಿಕ್ಕಿಸಿ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್‌ನ ಬದಿಗೂ ರಟ್ಟು ಕಟ್ಟಿ. ಲೈಟ್, ಮೀಟರ್, ಪಂಪ್, ನೀರಿನ ಬಾಟ್ಲಿ, ಬ್ಯಾಗ್ ಯಾವುದೂ ಸೈಕಲ್ ಮೇಲೆ ಬೇಡ, ಎಲ್ಲ ನಿಮ್ಮ ಜೊತೆ ಬೋಗಿಗೆ. ಪೆಡಲ್ ಮತ್ತು ಸ್ಪ್ಯಾನರ್ ಕೂಡ.

ಬುಕ್ ಆದ ಮೇಲೆ ಕೆಲಸ ಮುಗಿಯಿತು ಅಂತ ಊಟಕ್ಕೆ ಹೋಗಬೇಡಿ. ಸೈಕಲ್ ವ್ಯಾನ್‌ಗೆ ಹತ್ತುವುದನ್ನು ಕಣ್ಣಾರೆ ನೋಡಿ. ಗಾಡಿಯ ಎರಡು ವ್ಯಾನ್‌ಗಳಲ್ಲಿ ಯಾವುದಕ್ಕೆ ಹಾಕಿದರು, ಎಂಜಿನ್ ಕಡೆಯದ್ದೋ ಹಿಂದಿನದ್ದೋ, ಗುರುತಿಟ್ಟುಕೊಳ್ಳಿ. ಗಾರ್ಡನ್ನು ಮಾತಾಡಿಸಿ, ಮಡಗಾಂವ್‌ನಲ್ಲಿ ಎರಡು ಸೈಕಲ್ ಇಳಿಯುತ್ತದೆ ಅಂತ ಒಂದು ಮಾತು ಹೇಳಿ. 2022ರಿಂದ ಅವರ ಹುದ್ದೆಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರು ಬಂದಿದೆ, ಮಾತಿನಲ್ಲಿ ಮಾತ್ರ ಎಲ್ಲರೂ ಗಾರ್ಡ್ ಅಂತಲೇ ಅನ್ನುತ್ತಾರೆ. ಕಾರವಾರ ದಾಟಿದ ಕೂಡಲೇ ಬ್ಯಾಗ್ ಬಾಗಿಲಿಗೆ ತನ್ನಿ. ಮಡಗಾಂವ್‌ನಲ್ಲಿ ಒಬ್ಬರು ಲಗೇಜ್ ಟಿಕೆಟ್ ಹಿಡಿದು ಸೀದಾ ವ್ಯಾನ್‌ಗೆ, ಇನ್ನೊಬ್ಬರು ಬ್ಯಾಗ್ ಹತ್ತಿರ. ಇಳಿಸಿದ ಕೂಡಲೇ ಅಲ್ಲೇ ಗಾಲಿ ತಿರುಗಿಸಿ, ಬ್ರೇಕ್ ಹಿಡಿದು ನೋಡಿ. ಏನಾದರೂ ಮುರಿದಿದ್ದರೆ ಸಹಿ ಮಾಡುವ ಮೊದಲೇ ಬರೆಸಬೇಕು.

ಬದಿಯಡ್ಕದಿಂದ ಮಂಗಳೂರಿಗೆ ಹೇಗೆ ಹೋಗುವುದು? ಪಿಕಪ್ ಮಾಡಬೇಡಿ, ತುಳಿದೇ ಹೋಗಿ. ಸೀತಾಂಗೋಳಿ, ಕುಂಬಳೆ, ಮಂಜೇಶ್ವರ, ತಲಪಾಡಿ ಆಗಿ 55 ಕಿ.ಮೀ. ಆಸುಪಾಸು. ಗಾಡಿ ಮಧ್ಯಾಹ್ನ ಆದ್ದರಿಂದ ಐದೂವರೆಗೆ ಹೊರಟರೆ ಹತ್ತರೊಳಗೆ ಸ್ಟೇಷನ್. ಪೂರ್ತಿ ಸಾಮಾನು ಕಟ್ಟಿಕೊಂಡು ಹೋಗುವುದರಿಂದ ಕ್ಯಾರಿಯರ್ ಅಲ್ಲಾಡುತ್ತದಾ, ಯಾವ ಬೋಲ್ಟ್ ಸಡಿಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಮಂಗಳೂರಿನಲ್ಲಿ ಒಳ್ಳೆ ಸೈಕಲ್ ಅಂಗಡಿಗಳಿವೆ, ಮಡಗಾಂವ್ ಬಿಟ್ಟ ಮೇಲೆ ಉಡುಪಿವರೆಗೆ ಅಂಥದ್ದು ಸಿಗುವುದು ಕಷ್ಟ. ತಲಪಾಡಿಯಿಂದ ಚೆಂಗಳವರೆಗಿನ 39 ಕಿ.ಮೀ. ಈಗ ಆರು ಪಥ. ಕುಂಬಳೆಯಿಂದ ತಲಪಾಡಿವರೆಗೆ ನೀವು ಸರ್ವಿಸ್ ರಸ್ತೆಯಲ್ಲೇ ಹೋಗಿ. ಮೇಲಿನ ರಸ್ತೆ ನುಣ್ಣಗೆ ಕಾಣುತ್ತದೆ, ಆದರೆ ಅಲ್ಲಿ ಲಾರಿಗಳ ವೇಗ ನಮ್ಮಂಥವರಿಗಲ್ಲ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬೈಕುಗಳು ಬರುತ್ತಾ ಇರುತ್ತವೆ, ಅದರ ಮೇಲೆ ಕಣ್ಣಿರಲಿ.

ಇನ್ನು ದಾರಿ. ಮಡಗಾಂವ್‌ನಿಂದ ಬದಿಯಡ್ಕಕ್ಕೆ ಒಟ್ಟು 400 ಕಿ.ಮೀ. ದಾಟುತ್ತದೆ. ರೈಲಿನ ದಿನ ಬಿಟ್ಟರೆ ನಿಮಗೆ ಎಂಟು ದಿನ ಉಳಿಯುತ್ತದೆ. ದಿನಕ್ಕೆ ಸರಾಸರಿ 50 ಬಂತು. ಸಾಕು. ದಿನಕ್ಕೆ 100 ಹೊಡೆಯುವವರು ಇದ್ದಾರೆ, ಅವರಿಗೆ ಸಂಜೆ ರೂಮು ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಮೊದಲ ದಿನ ಕಾಣಕೋಣದವರೆಗೆ ಮಾತ್ರ, 40ರ ಹತ್ತಿರ. ದೂರ ಕಡಿಮೆ ಅನಿಸಬಹುದು, ಆದರೆ ಹೆದ್ದಾರಿಯಲ್ಲಿ ಕರ್ಮಲ್ ಘಾಟ್ ಇದೆ. ಕಾಡಿನ ನಡುವೆ ತಿರುವು, ರಸ್ತೆ ಅಗಲ ಇಲ್ಲ, ಲಾರಿ ಜಾಸ್ತಿ. ಬೆಳಗ್ಗೆ ಬೇಗ ದಾಟಬೇಕು. ಸಮಯ ಇದ್ದರೆ ಬೇತೂಲ್, ಅಗೊಂದ ಆಗಿ ಕರಾವಳಿಯ ಒಳದಾರಿ ಹಿಡಿಯಿರಿ. ಅಲ್ಲೂ ಗುಡ್ಡೆ ಹತ್ತಿ ಇಳಿಯುವುದು ಇದ್ದೇ ಇದೆ, ಆದರೆ ಶಾಂತವಾಗಿದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಏರಿಳಿತದಲ್ಲಿ ಓಡಿಸಿ ಅಭ್ಯಾಸ ಇರುವವರಿಗೆ ಅದು ಹೊಸದಲ್ಲ.

ಎರಡನೇ ದಿನ ಪೋಳೆಂ, ಮಾಜಾಳಿ ಗಡಿ ದಾಟಿ ಕಾರವಾರ, ಅಲ್ಲಿಂದ ಅಂಕೋಲಾ. 70 ಆಗುತ್ತದೆ. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ರಾತ್ರಿ ಕುಸಿದು ಬಿತ್ತು, ನೀವು ಹೊಸ ಸೇತುವೆ ಮೇಲೆ ಬರುತ್ತೀರಿ. ಕಾರವಾರ ಬಿಟ್ಟು ಬಿಣಗಾ ಕಡೆಗೆ ಸುರಂಗ ಇದೆ. ಒಳಗೆ ಹೋಗುವ ಮೊದಲು ನಿಂತು ಹಿಂದಿನ ಕೆಂಪು ಲೈಟ್ ಹಾಕಿ, ಕಪ್ಪು ಕನ್ನಡಕ ತೆಗೆಯಿರಿ.

ಮೂರನೇ ದಿನ ಗೋಕರ್ಣ. ಅಂಕೋಲಾ ಬಿಟ್ಟ ಮೇಲೆ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಜರಿದು ಜನ ಸತ್ತ ಜಾಗ. ಜನವರಿಯಲ್ಲಿ ಮಣ್ಣು ಒಣಗಿರುತ್ತದೆ, ಹೆದರುವುದು ಬೇಡ. ಆದರೂ ಕಡಿದ ಗುಡ್ಡದ ಬುಡದಲ್ಲಿ ವಿಶ್ರಾಂತಿಗೆ ಅಂತ ಎಲ್ಲೂ ನಿಲ್ಲಬೇಡಿ. ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟರೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಪಕ್ಕದಲ್ಲೇ ರಸ್ತೆ. ಮಧ್ಯಾಹ್ನದೊಳಗೆ ಗೋಕರ್ಣ ತಲುಪಿ, ಅರ್ಧ ದಿನ ಕಾಲಿಗೆ ರಜೆ ಕೊಡಿ. ಮೂರನೇ ದಿನದ ಸುಸ್ತು ದೊಡ್ಡದು, ಆ ದಿನ ದಾಟಿದರೆ ಮೈ ಪಳಗುತ್ತದೆ.

ನಾಲ್ಕನೇ ದಿನ ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದ ದಿನ. ವಾಪಸ್ ಹೆದ್ದಾರಿಗೆ ಹೋಗಬೇಡಿ. ಗೋಕರ್ಣದಿಂದ ತದಡಿ, ಅಲ್ಲಿ ದೋಣಿಗೆ ಸೈಕಲ್ ಹತ್ತಿಸಿ ನದಿ ದಾಟಿದರೆ ಅಘನಾಶಿನಿ ಊರು. ದೋಣಿಯವರು ಬೈಕನ್ನೇ ಹತ್ತಿಸುತ್ತಾರೆ, ಸೈಕಲ್ ಅವರಿಗೆ ಏನೂ ಅಲ್ಲ. ಅಲ್ಲಿಂದ ಕಾಗಾಲ ಕಡೆಯ ಒಳದಾರಿಯಲ್ಲಿ ತೆಂಗಿನ ತೋಟ, ಮೀನು ಒಣಗಿಸುವ ಅಂಗಳ, ಶಾಲೆಗೆ ಹೋಗುವ ಮಕ್ಕಳು. ಕುಮಟಾದಲ್ಲಿ ಮತ್ತೆ ಹೆದ್ದಾರಿ, ಹೊನ್ನಾವರದಲ್ಲಿ ಶರಾವತಿ, ಸಂಜೆಗೆ ಮುರ್ಡೇಶ್ವರ. 60ರ ಆಸುಪಾಸು ಆಗುತ್ತದೆ, ಗಾಳಿ ಹಿಂದಿನಿಂದ ಇರುತ್ತದೆ.

ಐದನೇ ದಿನ ಭಟ್ಕಳ, ಬೈಂದೂರು ದಾಟಿ ಕುಂದಾಪುರ. ಮರವಂತೆಯಲ್ಲಿ ಬಲಕ್ಕೆ ಅರಬ್ಬಿ ಸಮುದ್ರ, ಎಡಕ್ಕೆ ಸೌಪರ್ಣಿಕಾ. ಕಾರಿನಲ್ಲಿ ಇದು ಎರಡು ನಿಮಿಷ, ಸೈಕಲ್‌ಗೆ ಅದು ಒಂದು ಗಂಟೆಯ ಜಾಗ. ಆರನೇ ದಿನ ಉಡುಪಿ. ಅಲ್ಲಿಂದ ಹೆದ್ದಾರಿ ಬಿಟ್ಟು ಮಟ್ಟು ಕಡೆಯ ಕಡಲ ಬದಿಯ ರಸ್ತೆಯಲ್ಲಿ ಕಾಪುವಿಗೆ ಬನ್ನಿ, ಗುಳ್ಳ ಬದನೆಯ ಗದ್ದೆಗಳು ಆ ದಾರಿಯಲ್ಲೇ. ಕಾಪುವಿನ ದೀಪಸ್ತಂಭ 1901ರದ್ದು, ಸಂಜೆ ಬಂಡೆ ಮೇಲೆ ಕೂರಲು ಚೆನ್ನಾಗಿದೆ. ಏಳನೇ ದಿನ ಮಂಗಳೂರು. ದೂರ ಕಡಿಮೆ, ಆದರೆ ಸುರತ್ಕಲ್ಲಿನಿಂದ ಕೂಳೂರು ಸೇತುವೆವರೆಗೆ ಟ್ಯಾಂಕರುಗಳ ಸಾಲು. ಅದನ್ನು ಬೆಳಗ್ಗೆ ಎಂಟರೊಳಗೆ ದಾಟಿ. ಎಂಟನೇ ದಿನ ಮನೆ.

ಸಾಮಾನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ತಲಾ ಎಂಟು ಕಿಲೋ ಮೀರಬಾರದು. ಓಡಿಸುವ ಬಟ್ಟೆ ಎರಡು ಜೊತೆ, ರಾತ್ರಿಗೆ ಒಂದು. ಬೆನ್ನಿಗೆ ಬ್ಯಾಗ್ ಹಾಕಬೇಡಿ, ನಮ್ಮ ಸೆಕೆಗೆ ಬೆನ್ನು ಬೆಂದುಹೋಗುತ್ತದೆ. ಎಲ್ಲ ಹಿಂದಿನ ಕ್ಯಾರಿಯರಿನ ಎರಡು ಬದಿಗೆ ಸಮ ತೂಕದಲ್ಲಿ ಹಾಕಿ. ಸೈಕಲ್‌ಗೆ ಎರಡೆರಡು ಟ್ಯೂಬ್, ತೇಪೆ, ಟೈರ್ ಕೀಳುವ ಪಟ್ಟಿ, ಪಂಪ್, ಅಲೆನ್ ಕೀಲಿ, ಚೈನ್ ಕೊಂಡಿ, ಹ್ಯಾಂಗರ್. ಟ್ಯೂಬಿನ ವಾಲ್ವ್ ಯಾವುದು ನೋಡಿ. ಕಾರಿನ ಟೈರಿನ ಥರದ ದಪ್ಪ ವಾಲ್ವ್ ಆದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಬಹುದು. ಸಪೂರ ಪ್ರೆಸ್ಟಾ ವಾಲ್ವ್ ಆದರೆ ಅಡಾಪ್ಟರ್ ಬೇಕು, ಸಣ್ಣ ಹಿತ್ತಾಳೆ ತುಂಡು, ಎರಡು ಇಟ್ಟುಕೊಳ್ಳಿ.

ಊಟಕ್ಕೆ ಈ ದಾರಿಯಲ್ಲಿ ಚಿಂತೆ ಇಲ್ಲ. ನೀರಿನ ಚಿಂತೆ ಮಾಡಿ. ಗಂಟೆಗೆ ಅರ್ಧ ಲೀಟರಿಗಿಂತ ಕಡಿಮೆಯಾಗಬಾರದು. ಬರೀ ನೀರಲ್ಲ, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬೊಂಡ (ಎಳನೀರು), ಉಪ್ಪು ಹಾಕಿದ ಮಜ್ಜಿಗೆ, ಸಿಕ್ಕಿದರೆ ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿ. ಬೆಳಗ್ಗೆ ಆರಕ್ಕೆ ಹೊರಟು ಹನ್ನೊಂದೂವರೆಗೆ ನಿಲ್ಲಿಸಿ, ಮೂರೂವರೆ ಮೇಲೆ ಉಳಿದದ್ದು. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಒಂದು ಕಿಲೋಮೀಟರ್ ಕೂಡ ಬೇಡ.

ಮಗಳ ಬಗ್ಗೆ ಒಂದು ಮಾತು. ಮುಂದೆ ಅವಳು ಹೋಗಲಿ, ಹಿಂದೆ ನೀವು. ವೇಗ ಅವಳದ್ದೇ ಆಗಿರಲಿ. ಮುಂದೆ ಹೋಗುವವರು ತಮಗೆ ಗೊತ್ತಿಲ್ಲದೆ ಎಳೆಯುತ್ತಾರೆ, ಹಿಂದಿನವರು ಹೇಳದೆ ಸಹಿಸುತ್ತಾರೆ. ದಾರಿ ನೋಡುವ, ರೂಮು ಹುಡುಕುವ ಕೆಲಸವನ್ನು ಒಂದು ದಿನ ಬಿಟ್ಟು ಒಂದು ದಿನ ಅವಳಿಗೇ ಕೊಡಿ.

ಇನ್ನು ತಯಾರಿ. ಭಾನುವಾರದ 40 ಸಾಕಾಗುವುದಿಲ್ಲ ಅಂತಲ್ಲ, ಅದು ಒಂದೇ ದಿನದ್ದು. ಮರುದಿನ ಮತ್ತೆ ಸೀಟಿನ ಮೇಲೆ ಕೂರುವುದೇ ನಿಜವಾದ ಪರೀಕ್ಷೆ. ಡಿಸೆಂಬರಿನಲ್ಲಿ ಒಂದು ಶನಿವಾರ ಪೂರ್ತಿ ಸಾಮಾನು ಕಟ್ಟಿಕೊಂಡು ಮಧೂರು, ಕಾಸರಗೋಡು, ಚಂದ್ರಗಿರಿ ಸೇತುವೆ ದಾಟಿ ಬೇಕಲಕ್ಕೆ ಹೋಗಿ ಬನ್ನಿ, 70ರ ಆಸುಪಾಸು ಆಗುತ್ತದೆ. ಮರುದಿನ ಬೆಳಗ್ಗೆ ಕಾಲು ನೋಯುತ್ತಿದ್ದರೂ ಪೆರ್ಲ, ಅಡ್ಕಸ್ಥಳದವರೆಗೆ ಇನ್ನೊಮ್ಮೆ ತುಳಿಯಿರಿ. ಸೀಟಿನ ಎತ್ತರ ಆಗಲೇ ಸರಿ ಮಾಡಿಕೊಳ್ಳಿ. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೇರ ಆಗಬೇಕು, ಅದಕ್ಕಿಂತ ಕೆಳಗಿದ್ದರೆ ನಾಲ್ಕನೇ ದಿನ ಮೊಣಕಾಲು ಹಿಡಿಯುತ್ತದೆ. ಆ ಎತ್ತರಕ್ಕೆ ಸೀಟಿನ ಕಂಬದ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ರೈಲಿಗೆ ಹಾಕಲು ಇಳಿಸಿದ ಸೀಟನ್ನು ಮಡಗಾಂವ್‌ನ ಪ್ಲಾಟ್‌ಫಾರ್ಮ್‌ನಲ್ಲಿ ರಾತ್ರಿ ಮತ್ತೆ ಏರಿಸುವಾಗ ಆ ಗುರುತು ಬೇಕಾಗುತ್ತದೆ.